ಕಣ್ಣು ತೆರೆಸುವ ಉಳಿ

"ಮಾವ, ಎರಡು ಕಾಲೇಜಿನವರೂ ಕರೆದಿದ್ದಾರೆ! ಯಾವುದಕ್ಕೆ ಸೇರಲಿ?"

ಹೊಸಿಲು ದಾಟುವ ಮೊದಲೇ ಶಾಲ್ಮಲಾ ಕೇಳಿದಳು. ಓಡಿ ಬಂದದ್ದಕ್ಕೆ ಏದುಸಿರು. ಮುಖದಲ್ಲಿ ಮಾತ್ರ ಹಬ್ಬ. ವಾಸ್ತುಶಿಲ್ಪ ಓದಬೇಕೆಂಬುದು ಅವಳ ಬಹುಕಾಲದ ಆಸೆ. ಸಂಜೆ ಐದರೊಳಗೆ ಎರಡರಲ್ಲಿ ಒಂದನ್ನು ಆರಿಸಿ ಮೊಬೈಲಿನಲ್ಲಿ ಒತ್ತಬೇಕು. ಒತ್ತಿದ ಮೇಲೆ ಬದಲಿಸುವಂತಿಲ್ಲ. ಒತ್ತದಿದ್ದರೆ ಎರಡೂ ಕೈತಪ್ಪುತ್ತವೆ.

ಮೌನೇಶಾಚಾರ್ ಅವಳ ಸೋದರಮಾವ. ಅವಳಿಗೆ ಚಿತ್ರ ಬರೆಯಲು ಕಲಿಸಿದ ಗುರುವೂ ಅವರೇ. ಹೆಸರು ಮೌನೇಶ, ಬಾಯಿ ಎಂದೂ ಆ ಹೆಸರಿಗೆ ಒಪ್ಪಿದ್ದಲ್ಲ.

"ಕೇಳಬೇಕಾದವನನ್ನೇ ಕೇಳಿದೆ," ಎಂದು ಅವರು ಮೀಸೆ ತೀಡಿದರು. "ಈ ಗೋಡೆಯ ಮೇಲೆ ನಾನೊಮ್ಮೆ ಮಾವಿನ ಹಣ್ಣು ಬರೆದೆ. ಗಿಳಿ ಬಂದು ಕುಕ್ಕಿ ಕೊಕ್ಕು ಮುರಿದುಕೊಂಡಿತು. ಈ ಗುಳಿ ಅದರದ್ದೇ. ಅಂಥವನ ಶಿಷ್ಯೆ ನೀನು!"

"ಹೋದ ಸಲ ಅದು ಕಾಗೆಯಾಗಿತ್ತು, ಮಾವ."

"ಮೊದಲು ಬಂದದ್ದು ಕಾಗೆಯೇ. ಅದರ ಗತಿ ಏನಾಯಿತೆಂದು ನೋಡಲು ಬಂದದ್ದು ಗಿಳಿ. ಇರಲಿ, ಎರಡು ಕಡೆಯೂ ಹೋಗಿ ನೋಡಿದೆಯಲ್ಲ? ಹೇಗಿವೆ?"

"ಮೊದಲಿನದಕ್ಕೆ ದೊಡ್ಡ ಹೆಸರು. ಹುಡುಗರು ಮಾಡಿದ ಮಾದರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಒಂದರಲ್ಲೂ ತಪ್ಪಿಲ್ಲ. ಇನ್ನೊಂದರ ಹೆಸರು ಯಾರಿಗೂ ಗೊತ್ತಿಲ್ಲ. ಅಲ್ಲೊಬ್ಬಳು ಮಾಡಿದ ಮಹಡಿ ಮನೆಗೆ ಮೆಟ್ಟಿಲೇ ಇರಲಿಲ್ಲ! ನಗು ಬಂತು. ಅವಳೂ ನಕ್ಕಳು. ಎಲ್ಲಿಡಲಿ ಹೇಳು ಅಂತ ನನ್ನನ್ನೇ ಕೇಳಿದಳು. ಇಬ್ಬರೂ ಕಿತ್ತು ಕಿತ್ತು ಇಟ್ಟೆವು. ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ಮನೆಯಲ್ಲಿ ಎಲ್ಲರೂ ಮೊದಲಿನದಕ್ಕೇ ಸೇರು ಅಂತಿದ್ದಾರೆ. ನೀವು ಹೇಳಿ, ಮಾವ. ನೀವು ಹೇಳಿದ್ದೇ ಕೊನೆ."

ಮಾವ ಹೇಳಲಿಲ್ಲ. ಕತೆ ಶುರುಮಾಡಿದರು.

ಒಬ್ಬ ತರುಣನಿದ್ದ. ಅವನಿಗೆ ಕಲ್ಲು ಕೆತ್ತುವ ಹುಚ್ಚು. ಆ ಸೀಮೆಯಲ್ಲಿ ಇಬ್ಬರು ಶಿಲ್ಪಿಗಳು ಶಿಷ್ಯರನ್ನಿಟ್ಟುಕೊಂಡು ಕಲಿಸುತ್ತಿದ್ದರು. ಒಬ್ಬ ಬೆಟ್ಟದ ಮೇಲೆ, ಒಬ್ಬ ಬೆಟ್ಟದ ಕೆಳಗೆ.

ತರುಣ ಮೊದಲು ಬೆಟ್ಟ ಹತ್ತಿದ. ಅಂಗಳದ ತುಂಬ ಶಿಷ್ಯರು ಕೆತ್ತಿದ ಮೂರ್ತಿಗಳು. ಒಂದರಲ್ಲೂ ಕೊಂಕಿಲ್ಲ. ರಾಮನ ಕಣ್ಣು ಶಾಂತವಾಗಿತ್ತು. ರಾವಣನ ಕಣ್ಣೂ ಶಾಂತವಾಗಿತ್ತು. ಪಕ್ಕದ ಆನೆಯ ಕಣ್ಣೂ ಅಷ್ಟೇ ಶಾಂತ. ತರುಣ ಅದನ್ನು ಗಮನಿಸಲಿಲ್ಲ. ಕಲ್ಲಿನ ಹೊಳಪಿಗೇ ಮರುಳಾಗಿದ್ದ.

ಆಮೇಲೆ ಬೆಟ್ಟದ ಕೆಳಗೆ ಹೋದ. ಅಲ್ಲಿ ಗಣಪನಿಗೆ ಮೆಳ್ಳೆಗಣ್ಣು. ದ್ವಾರಪಾಲಕ ಬಾಗಿಲು ಕಾಯುವುದು ಬಿಟ್ಟು ತನ್ನ ಮೂಗನ್ನೇ ನೋಡುತ್ತಿದ್ದ. ಸಿಂಹಕ್ಕೆ ನೆಗಡಿ ಬಂದಂತಿತ್ತು. ತರುಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಬೆಟ್ಟ ಹತ್ತಿ ಅಲ್ಲೇ ಶಿಷ್ಯನಾದ.

ಚೆನ್ನಾಗಿಯೇ ಕಲಿತ. ಅವನು ಕೆತ್ತಿದ ಹೂಮಾಲೆಯ ಮೇಲೆ ದುಂಬಿ ಬಂದು ಕೂತು, ಜೇನು ಸಿಗದೆ ಬೈದು ಹೋಯಿತು.

"ಇದು ನಾನು ಸೇರಿಸಿದ್ದಲ್ಲ," ಎಂದರು ಮಾವ. "ದುಂಬಿಯೇ ನನಗೆ ಹೇಳಿದ್ದು."

ವಿದ್ಯೆ ಮುಗಿಸಿ ತರುಣ ಊರಿಗೆ ಬಂದ. ಊರವರು ಹಿಗ್ಗಿದರು. ಒಳ್ಳೆಯ ಶಿಲೆ ತರಿಸಿ, ನಮ್ಮ ದೇವಿಯನ್ನು ಕೆತ್ತಿಕೊಡು ಎಂದರು. ಅವನು ಕೆತ್ತಿದ. ಬೆರಳು, ಬಳೆ, ಸೀರೆಯ ನಿರಿಗೆ ಎಲ್ಲ ಮುಗಿಯಿತು. ಕಣ್ಣು ಮಾತ್ರ ಉಳಿಯಿತು. ಕಣ್ಣು ತೆರೆಸುವುದು ಕಡೆಯ ಕೆಲಸ. ಅದನ್ನು ಒಳ್ಳೆಯ ಹೊತ್ತು ನೋಡಿ, ಎಲ್ಲರ ಎದುರಿನಲ್ಲಿ, ಕೆತ್ತಿದವನೇ ಮಾಡಬೇಕು. ಅದು ಆ ಊರಿನ ಕಟ್ಟಳೆ.

ಆ ಹೊತ್ತು ಬಂತು. ವಾಲಗ ಮೊಳಗಿತು. ತರುಣ ದೇವಿಯ ರೆಪ್ಪೆಗೆ ಉಳಿ ಇಟ್ಟ. ಕೈ ಏಳಲಿಲ್ಲ.

ಬೆಟ್ಟದ ಮೇಲೆ ಅವನು ಒಂದೇ ಒಂದು ಕಣ್ಣನ್ನೂ ತೆರೆಸಿರಲಿಲ್ಲ. ಕಡೆಯ ಎರಡು ಏಟಿನ ಹೊತ್ತಿಗೆ ಗುರು ಬರುತ್ತಿದ್ದ. "ಕೆಡಿಸಿ ನನ್ನ ಹೆಸರು ಕಳೆಯಬೇಡ, ಇತ್ತ ಕೊಡು," ಎಂದು ಉಳಿ ತೆಗೆದುಕೊಳ್ಳುತ್ತಿದ್ದ. ಶಿಷ್ಯ ಅದನ್ನೇ ಭಾಗ್ಯವೆಂದುಕೊಂಡು ಸರಿದು ನಿಲ್ಲುತ್ತಿದ್ದ.

ಕರ್ಪೂರ ಉರಿದು ಮುಗಿಯಿತು. ವಾಲಗದವರು ಉಸಿರು ಸಾಲದೆ ನಿಲ್ಲಿಸಿದರು. ಮುದುಕಿಯೊಬ್ಬಳು ಕೇಳಿದಳು: "ಯಾಕಪ್ಪಾ, ನಮ್ಮವ್ವ ನಮ್ಮನ್ನ ಯಾವಾಗ ನೋಡ್ತಾಳೆ?"

ತರುಣ ಉಳಿ ಕೆಳಗಿಟ್ಟು, ತಲೆ ತಗ್ಗಿಸಿ ನಡೆದ. ನೇರ ಬೆಟ್ಟದ ಕೆಳಗಿನ ಶಿಲ್ಪಿಯ ಬಳಿ ಬಂದು ನಿಂತ. ಶಿಲ್ಪಿ ಅರೆಗೆತ್ತಿದ ಬಸವನೊಂದನ್ನು ಅವನ ಮುಂದೆ ತಳ್ಳಿದ.

"ಕಣ್ಣು ತೆರೆಸು."

"ಕೆಟ್ಟರೆ?"

"ಕೆಡುತ್ತದೆ. ಅಂದು ನೀನು ನೋಡಿ ನಕ್ಕೆಯಲ್ಲ, ಆ ದ್ವಾರಪಾಲಕ? ನಾನು ಮೊದಲು ತೆರೆಸಿದ ಕಣ್ಣು ಅವನದು."

ತರುಣ ಕೂತ. ಬಸವ ಕೆಟ್ಟ. ಇನ್ನೊಂದು ಬಸವನೂ ಕೆಟ್ಟ. ಕೆಡಿಸುತ್ತ ಕೆಡಿಸುತ್ತ ಕೈ ಪಳಗಿತು. ಆಗ ಊರಿಗೆ ಮರಳಿ, ಅದೇ ಜನರ ಎದುರಿನಲ್ಲಿ ಉಳಿ ಎತ್ತಿದ. ದೇವಿ ಕಣ್ಣು ತೆರೆದಳು. ಎಡಗಣ್ಣು ಕೂದಲೆಳೆಯಷ್ಟು ಹಿರಿದಾಯಿತು. ಅವ್ವ ನಮ್ಮನ್ನು ನೋಡಿ ಬೆರಗಾಗಿದ್ದಾಳೆ ಎಂದು ಊರವರು ಕುಣಿದಾಡಿದರು.

ಕತೆ ಮುಗಿಯಿತು. ಶಾಲ್ಮಲಾ ಕೂತಲ್ಲಿಂದ ಚಿಮ್ಮಿ ಎದ್ದಳು.

"ಗೊತ್ತಾಯಿತು ಮಾವ, ಗೊತ್ತಾಯಿತು! ಮೆಟ್ಟಿಲಿಲ್ಲದ ಮನೆಯೇ ನನ್ನ ಮನೆ!"

ಮೊಬೈಲು ತೆಗೆದಳು. ಐದು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಆ ಕಾಲೇಜಿನ ಹೆಸರಿನ ಮೇಲೆ ಬೆರಳು ತಂದಳು. ಬೆರಳು ಅಲ್ಲೇ ನಿಂತಿತು. ಮನೆಯವರ ಮುಖಗಳು ಕಣ್ಣ ಮುಂದೆ ಬಂದವು. ಅವಳು ಮೊಬೈಲನ್ನು ಮಾವನತ್ತ ಚಾಚಿದಳು.

"ತಪ್ಪಾಗಿಬಿಟ್ಟರೆ ಅಂತ ಭಯ, ಮಾವ. ನಿಮ್ಮ ಕೈಗುಣ ಒಳ್ಳೆಯದು. ನೀವೇ ಒತ್ತಿಬಿಡಿ."

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಗಿಳಿಯ ಮಾತಿಲ್ಲ, ದುಂಬಿಯ ಮಾತಿಲ್ಲ. ಒಂದೇ ಮಾತು ಆಡಿದರು.

"ಕಡೆಯ ಎರಡು ಏಟಿಗೆ ಉಳಿಯನ್ನು ಮತ್ತೆ ಗುರುವಿನ ಕೈಗೇ ಕೊಡುತ್ತೀಯಲ್ಲ, ತಾಯಿ?"