ಹೆಪ್ಪಿನ ಮನೆತನ

"ನಮ್ಮದು ಮರ್ಯಾದಸ್ಥ ಮನೆತನ. ಲಿಲ್ಲಿಬಾಯಿಯವರ ಅಜ್ಜಿ ತವರಿನಿಂದ ನಮ್ಮನ್ನು ತಂದಂದಿನಿಂದ ಈ ಮನೆಯ ಮೊಸರು ಒಂದು ದಿನವೂ ಕೆಟ್ಟಿಲ್ಲ," ಎಂದಿತು ಬಟ್ಟಲಿನ ಹೆಪ್ಪು.

ಫ್ರಿಜ್ಜಿನಲ್ಲಿ ಪಕ್ಕದಲ್ಲಿದ್ದ ಫ್ಲೂ ಲಸಿಕೆ ಮುಖ ಸಿಂಡರಿಸಿತು. "ನೀವು ಕ್ರಿಮಿಗಳು. ದೂರ ಸರಿಯಿರಿ."

ಮರುದಿನ ಲಸಿಕೆ ಎಪ್ಪತ್ತೆಂಟರ ಲಿಲ್ಲಿಬಾಯಿಯವರ ತೋಳಿಗಿಳಿಯಿತು. ಫ್ಲೂ ವೈರಸ್ಸೆಂಬ ಶತ್ರುವಿನ ಚಿತ್ರ ಹಿಡಿದು ಮೈಯ ಕಾವಲುಗಾರರನ್ನೆಲ್ಲ ಕರೆಯಿತು. ವಯಸ್ಸಾದ ಕಾವಲುಗಾರರು ಆಕಳಿಸಿ ಮಗ್ಗುಲಾದರು. ಅವರು ಏಳದಿದ್ದರೆ ಲಿಲ್ಲಿಬಾಯಿ ಈ ಚಳಿಗಾಲ ಹಾಸಿಗೆ ಹಿಡಿಯುವುದು ಖಂಡಿತವಾಗಿತ್ತು.

ಊಟದ ಮೊಸರಿನೊಡನೆ ಹೆಪ್ಪು ಕರುಳಿಗೆ ಬಂತು; ಕಾವಲುಗಾರರಲ್ಲಿ ಹೆಚ್ಚಿನವರ ಬಿಡಾರ ಅಲ್ಲೇ. "ಏಳಿ ಮಾವನವರೇ, ಬಂದವರು ನಿಂತೇ ಇದ್ದಾರೆ. ಆ ಚಿತ್ರ ಸರಿಯಾಗಿ ನೋಡಿಕೊಳ್ಳಿ," ಎಂದಿತು. ಕಾವಲುಗಾರರು ಎದ್ದು ಶತ್ರುವಿನ ಗುರುತು ಕಲಿತರು.

"ತುಂಬ ಉಪಕಾರವಾಯಿತು, ಅಮ್ಮಾ," ಎಂದಿತು ಲಸಿಕೆ.

"ಉಪಕಾರದ ಮಾತು ಇರಲಿ. ಫ್ರಿಜ್ಜಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿ."