ಗೋಡೆಯ ಮೇಲೆ ಇಲ್ಲದ ಹುಳಿ

"ಎಲ್ಲವನ್ನೂ ಬರೆದಿಟ್ಟ ಮೇಲೂ ತಿಳಿಯಲಿಲ್ಲ ಅನ್ನುವವರಿಗೆ ಏನು ಮಾಡಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಸಣ್ಣ ಊರುಗಳ ಗ್ರಂಥಾಲಯಗಳಿಗಾಗಿ ಒಂದು ಮುಕ್ತ ತಂತ್ರಾಂಶ ಮಾಡಿದ್ದ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಲ್ಲವರು ತಿದ್ದಲೂಬಹುದು. ಬಳಸುವ ಬಗೆಯನ್ನು ನಲವತ್ತು ಪುಟ ಬರೆದು ಅಂತರ್ಜಾಲದಲ್ಲಿ ಹಾಕಿದ್ದ. ಮೂರು ವರ್ಷ ಯಾರೂ ದೂರಿರಲಿಲ್ಲ. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಗ್ರಂಥಪಾಲಕಿಯೊಬ್ಬರು, ಮೊದಲ ಪುಟವನ್ನೇ ದಾಟಲಾಗುತ್ತಿಲ್ಲ ಎಂದು ಬರೆದಿದ್ದರು. "ಸರಿಯಾಗಿ ಓದಿ" ಎಂದು ಅವನು ಎರಡೇ ಮಾತಿನ ಉತ್ತರ ಕಳಿಸಿದ್ದ.

"ಒಬ್ಬರಿಗೋಸ್ಕರ ಎಲ್ಲವನ್ನೂ ತಿದ್ದಿ ಬರೆಯಲೇ?" ಎಂದ.

ಗುರು ಈ ಕತೆ ಹೇಳಿದರು.

ಒಂದು ಛತ್ರದಲ್ಲಿ ಒಬ್ಬ ಅಡುಗೆಯವನಿದ್ದ. ಕೆಸುವಿನ ಸೊಪ್ಪಿನ ಪಲ್ಯಕ್ಕೆ ಅವನದು ಎತ್ತಿದ ಕೈ. ನಿನ್ನ ಹಾಗೇ ಒಳ್ಳೆಯವನು, ಗುಟ್ಟು ಮುಚ್ಚಿಡುವವನಲ್ಲ. ಮಾಡುವ ಕ್ರಮವನ್ನು ಛತ್ರದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ. ಬಲ್ಲ ಅಡುಗೆಯವರು ಬಂದು ಓದಿ ತಲೆದೂಗಿದರು. ಒಬ್ಬ ಒಗ್ಗರಣೆಗೆ ಬೆಳ್ಳುಳ್ಳಿ ಸೇರಿಸಿ ಬರೆದ. ಇನ್ನೊಬ್ಬ ತೆಂಗಿನಕಾಯಿ ಯಾವಾಗ ಹಾಕಬೇಕೆಂದು ತಿದ್ದಿದ. ಸೊಪ್ಪಿನ ಜೊತೆ ಹುಣಿಸೆಹುಳಿ ಬೇಯಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ ಎಂಬುದನ್ನು ಮಾತ್ರ ಯಾರೂ ಬರೆಯಲಿಲ್ಲ. ಕೆಸು ಮುಟ್ಟಿದೊಡನೆ ಅವರೆಲ್ಲರ ಕೈ ತಾನಾಗಿ ಹುಳಿಯ ಭರಣಿಗೆ ಹೋಗುತ್ತಿತ್ತು. ಅದೂ ಒಂದು ಕೆಲಸವೆಂದು ಅವರಿಗೆ ಅನಿಸಿರಲೇ ಇಲ್ಲ.

ಬಯಲುಸೀಮೆಯಿಂದ ಒಬ್ಬ ಕೂಲಿಯವನು ಆ ಊರಿಗೆ ಬಂದ. ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಹೆಣ್ಣುಮಕ್ಕಳಿದ್ದರು. ಮಕ್ಕಳನ್ನು ತನ್ನ ಬಳಿ ಬಿಡು, ಗಂಡಸಿನ ಕೈಲಿ ಆಗದು ಎಂದು ನಾದಿನಿ ಹೇಳಿದ್ದಳು. ನಾನೇ ಬೇಯಿಸಿ ಹಾಕಿ ಸಾಕುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಅವನು ಕೆಸು ಕಂಡವನಲ್ಲ. ಗೋಡೆ ಓದಿದ, ಬರೆದಂತೆಯೇ ಮಾಡಿ ಬಡಿಸಿದ. ಮಕ್ಕಳು ಎರಡು ತುತ್ತು ತಿಂದು ಗಂಟಲು ಹಿಡಿದುಕೊಂಡು ಅತ್ತರು.

ಮರುದಿನ ಅವನು ಗೋಡೆಯ ಮುಂದೆ ನಿಂತು, ಒಂದೊಂದೇ ಸಾಲಿಗೆ ಬೆರಳಿಟ್ಟು ಓದುತ್ತಿದ್ದ. ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದ.

"ಏನಯ್ಯಾ, ಎಲ್ಲ ಅಲ್ಲೇ ಬರ್ದಿದೆಯಲ್ಲ. ಓದೋಕೆ ಬರಲ್ವಾ?"

"ಬತ್ತೈತೆ ಸ್ವಾಮಿ. ನನ್ ಕೈಯಾಗೇ ಏನೋ ತಪ್ಪೈತೆ."

ಅವನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಹೋದ. ಆ ವಾರವೇ ಮಕ್ಕಳನ್ನು ನಾದಿನಿಯ ಮನೆಗೆ ಬಿಟ್ಟು ಬಂದ.

ವರ್ಷ ಕಳೆದ ಮೇಲೆ ನಾದಿನಿ ಆ ಮಕ್ಕಳನ್ನು ಕರೆದುಕೊಂಡು ಛತ್ರಕ್ಕೆ ಊಟಕ್ಕೆ ಬಂದಳು. ಅಡುಗೆಯವನು ತಾನೇ ಬಡಿಸುತ್ತಿದ್ದ. ಕೆಸುವಿನ ಪಲ್ಯ ಬಂದಾಗ ಹಿರಿಯ ಹುಡುಗಿ ಎಲೆಗೆ ಕೈ ಅಡ್ಡ ಹಿಡಿದಳು.

"ಬ್ಯಾಡ. ಅಪ್ಪ ಆ ಗೋಡೆ ಓದ್ಕಂಡೇ ಇದನ್ನ ಮಾಡಿದ್ದ. ಗಂಟ್ಲೆಲ್ಲ ಉರೀತು. ಆಮೇಲೆ ನಮ್ಮನ್ನ ಚಿಕ್ಕಮ್ಮನ ಮನ್ಯಾಗೆ ಬಿಟ್ಟ."

ಅಡುಗೆಯವನು ಪಾತ್ರೆ ಕೆಳಗಿಟ್ಟು ಗೋಡೆಯ ಬಳಿ ಹೋದ. ಬರೆಸಿದ ದಿನದಿಂದ ಅವನು ಅದನ್ನು ಓದಿರಲಿಲ್ಲ. ಈಗ, ಕೆಸುವನ್ನೇ ಕಾಣದವನ ಹಾಗೆ, ಮೊದಲ ಸಾಲಿನಿಂದ ಓದಿದ. ಹುಳಿ ಎಲ್ಲೂ ಇರಲಿಲ್ಲ. ತಿರುಗಿ ಆ ಮಕ್ಕಳ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ಇದ್ದಿಲು ತಂದು, ಎಲ್ಲಕ್ಕಿಂತ ಮೇಲೆ, ಹುಳಿಯ ಮಾತನ್ನು ಬರೆದ. ಆಮೇಲೆ ಕೂಲಿಯವನ ಮನೆ ಹುಡುಕಿಕೊಂಡು ಹೋಗಿ, ತಪ್ಪು ನಿನ್ನದಲ್ಲ, ನನ್ನದು ಎಂದು ಬಾಗಿಲಲ್ಲೇ ನಿಂತು ಹೇಳಿದ. ಆ ಸಂಜೆ ಕೂಲಿಯವನು ಮಕ್ಕಳನ್ನು ಮನೆಗೆ ಕರೆತಂದ.

ಕತೆ ಮುಗಿಯಿತು. ಶಿಷ್ಯನ ಮುಖ ಕೆಂಪಾಗಿತ್ತು.

"ತಪ್ಪಾಯಿತು, ಗುರುಗಳೇ. ಮೊದಲ ಪುಟ ತಿದ್ದುತ್ತೇನೆ. ಆ ಗ್ರಂಥಪಾಲಕಿಗೂ ಇವತ್ತೇ ಬರೆದು ಕ್ಷಮೆ ಕೇಳುತ್ತೇನೆ" ಎಂದ.

ಗುರು ಹೇಳಿದರು: "ಕೇಳು, ಆಕೆಯ ವಿಳಾಸ ನಿನ್ನಲ್ಲಿದೆ, ಈ ಮೂರು ವರ್ಷ ತಪ್ಪು ತಮ್ಮದೇ ಅಂದುಕೊಂಡು ಸುಮ್ಮನೆ ಎದ್ದುಹೋದವರಿಗೆ ಎಲ್ಲಿಗೆ ಬರೆಯುತ್ತೀಯೆ?"