ಕಾಲುವೆಯ ಸಾಲು

"ಗುರುಗಳೇ, ಗಲಭೆಯಲ್ಲಿ ಹಾಳಾದ ಪಟ್ಟಣಕ್ಕೆ ನಾಳೆ ಹೊರಟಿದ್ದೇನೆ. ಅಲ್ಲಿನ ಜನರಿಗೆ ಕ್ಷಮೆಯನ್ನು ಬೋಧಿಸುತ್ತೇನೆ. ಒಬ್ಬರನ್ನೊಬ್ಬರು ಕ್ಷಮಿಸದೆ ಅವರು ಊರನ್ನು ಹೇಗೆ ಕಟ್ಟಿಯಾರು?" ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಕೆಂಪಾಯಿತು. "ಮೊದಲು ಕುಳಿತುಕೋ" ಎಂದು ಗದರಿ, ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಮೇಲುಪೇಟೆ, ಕೆಳಪೇಟೆ ಎಂದು ಎರಡು ಪೇಟೆಗಳಿದ್ದವು. ಎರಡಕ್ಕೂ ಒಂದೇ ಕಾಲುವೆಯ ನೀರು. ಒಮ್ಮೆ ಎರಡೂ ಪೇಟೆಯವರು ಹೊಡೆದಾಡಿಕೊಂಡರು. ಕೆಳಪೇಟೆಗೆ ನೀರು ಸಿಗದಿರಲಿ ಎಂದು ಮೇಲುಪೇಟೆಯ ಒಬ್ಬ ಎಣ್ಣೆ ವ್ಯಾಪಾರಿ ಕಾಲುವೆಯನ್ನು ಒಡೆದ. ಕೆಳಪೇಟೆಯ ಒಬ್ಬ ತಾಯಿಯ ಮಗ ಕೊಚ್ಚೆ ನೀರು ಕುಡಿದು ವಾಂತಿಭೇದಿಯಾಗಿ ಸತ್ತ. ಒಡಕು ಮೇಲಕ್ಕೂ ಕೊರೆದುಕೊಂಡು ಹೋಗಿ, ಕೊನೆಗೆ ಮೇಲುಪೇಟೆಗೂ ನೀರು ಬರುವುದು ನಿಂತಿತು. ದೊರೆಯ ಅಧಿಕಾರಿಗಳು ಬಂದರು, ತಪ್ಪು ಯಾರದೆಂದು ವಿಚಾರಿಸಿದರು, ಉಂಡು ಹೋದರು. ಒಂದು ಕಲ್ಲನ್ನೂ ಎತ್ತಿಡಲಿಲ್ಲ.

ಜನರೇ ಗುದ್ದಲಿ ಹಿಡಿದರು. ಸಾಲಾಗಿ ನಿಂತು ಮಣ್ಣಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಬಂದವರು ಬಂದ ಹಾಗೆ ಸಾಲಿನ ತುದಿಗೆ ನಿಲ್ಲಬೇಕು, ಪಕ್ಕದವರು ಯಾರೆಂದು ಆರಿಸಕೂಡದು. ಅವರು ಮಾಡಿಕೊಂಡ ಕಟ್ಟಳೆ ಅದೊಂದೇ. ಒಂದು ಬೆಳಿಗ್ಗೆ ಆ ತಾಯಿಯ ಪಕ್ಕಕ್ಕೆ ಎಣ್ಣೆ ವ್ಯಾಪಾರಿ ಬಂದು ನಿಂತ. ಹಿರಿಯನೊಬ್ಬ ಅವನನ್ನು ಆಚೆ ಕಳಿಸಲು ಹೋದ.

"ಬೇಡ, ಇಲ್ಲೇ ಇರಲಿ. ಒಡೆದ ಕೈ ನನ್ನ ಕಣ್ಣೆದುರಿಗೇ ದುಡೀಲಿ" ಎಂದು ತಾಯಿ ಹಲ್ಲು ಕಚ್ಚಿ ಹೇಳಿದಳು. ಬುಟ್ಟಿಗೆ ಕೈ ಚಾಚಿದಳು.

ನೀರು ಬಂತು. ಅಲ್ಲಿಯವರೆಗೆ ಮನೆ ಬಿಟ್ಟು ಕದಲದಿದ್ದ ಊರ ಪ್ರಮುಖರು ಆಗ ಶಲ್ಯ ಹೊದ್ದು ಬಂದರು. ನಾಚಿಕೆಗೆಟ್ಟವರು! ತಾಯಿಯ ಕೈಗೆ ಹೂವಿನ ಹಾರ ಕೊಟ್ಟು, "ಎಲ್ಲರೆದುರಿಗೆ ಅವನ ಕೊರಳಿಗೆ ಹಾಕಮ್ಮ, ಕ್ಷಮಿಸಿದೆ ಅನ್ನು" ಎಂದರು.

ಅವಳು ಹಾರವನ್ನು ನೆಲಕ್ಕೆ ಬಿಸಾಡಿದಳು. "ಕಾಲುವೆ ಊರಿನದು, ಕಟ್ಟಿದೀನಿ. ಮಗ ನನ್ನವನು. ಅವನ ವಿಷಯಕ್ಕೆ ನೀವ್ಯಾರೂ ಬರಬೇಡಿ."

ಮುಂದಿನ ಮಳೆಗಾಲದಲ್ಲಿ ಕಾಲುವೆಯ ಏರಿ ಕುಸಿಯಿತು. ತಾಯಿ ಬಂದು ಸಾಲಿನಲ್ಲಿ ನಿಂತಳು. ವ್ಯಾಪಾರಿಯೂ ಬಂದು ಪಕ್ಕದಲ್ಲಿ ನಿಂತ. ಅವಳು ಅವನ ಮುಖ ನೋಡಲಿಲ್ಲ. ಅವನ ಕೈಯಿಂದ ಬುಟ್ಟಿ ತೆಗೆದುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲನೆ ಕೇಳಿದ: "ಹಾಗಾದರೆ ಆಕೆ ಕೊನೆಗೂ ಕ್ಷಮಿಸಲೇ ಇಲ್ಲವೇ?"

"ಹಾಗೆಂದು ಕೇಳಿದವರಲ್ಲಿ ಒಬ್ಬನೂ ಬುಟ್ಟಿ ಮುಟ್ಟಿದವನಲ್ಲ" ಎಂದರು ಗುರುಗಳು.